ಹುಮ್ಮಸ್ ಬಟ್ಟಲಲ್ಲಿ ಎರಡು ಗೆರೆ: ತುಮಕೂರಿನ ಒಂದು ಊಟದ ಪ್ರಕರಣ

ಒಂಬತ್ತು ಜನ ಹೊರಗೆ ಊಟಕ್ಕೆ ಹೋದೆವು. 5,754 ರೂಪಾಯಿ ಬಿಲ್ ಆಯಿತು. ಮನೆಗೆ ಬಂದ ಮೇಲೆ, ರಾತ್ರಿ ಹತ್ತೂವರೆಗೆ, ಅಕ್ಕ ಕುಕ್ಕರ್ ಇಟ್ಟಳು. ಐದು ಜನ ಅನ್ನ ಸಾರು ಕಲಸಿಕೊಂಡು ಹೊಟ್ಟೆ ತುಂಬ ಉಂಡರು. ಊಟ ಕೊಡಿಸಿದ ಹುಡುಗ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ.

ಆ ರಾತ್ರಿ ಏನು ತಪ್ಪಾಯಿತು ಅನ್ನೋದು ನನ್ನ ತಲೆ ತಿನ್ನತೊಡಗಿತು. ಅದಕ್ಕೆ ಕಾರಣ ನನ್ನ ಕಸುಬು. ಕ್ಯಾತ್ಸಂದ್ರದ ಹತ್ತಿರ 22 ವರ್ಷದಿಂದ ಸಣ್ಣದೊಂದು ತಿಂಡಿ ಹೋಟೆಲ್ ನಡೆಸುತ್ತಿದ್ದೇನೆ. ಬೆಳಗ್ಗೆ ತಟ್ಟೆ ಇಡ್ಲಿ, ಮಧ್ಯಾಹ್ನ ರೈಸ್ ಬಾತ್, ಸಂಜೆ ಬೋಂಡ. ಇನ್ನೊಬ್ಬರ ಹೋಟೆಲಲ್ಲಿ ಕೂತರೂ ನನ್ನ ಕಣ್ಣು ಅಡಿಗೆಮನೆ ಬಾಗಿಲ ಕಡೆಗೇ ಹೋಗುತ್ತೆ. ಅಡಿಗೆ ಚೆನ್ನಾಗಿದ್ದೂ ಜನ ಹಸಿದುಕೊಂಡು ಎದ್ದು ಹೋದರೆ ಅದು ಯಾವ ಹೋಟೆಲಿನವನಿಗೂ ನಿದ್ದೆ ಕೆಡಿಸುವ ವಿಷಯ.

ಅಡಿಗೆ ಚೆನ್ನಾಗಿತ್ತು ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ.

ಸಂದರ್ಭ ಇದು. ಅಕ್ಕನ ಮಗನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಎಲ್ಲರಿಗೂ ಊಟ ಕೊಡಿಸುತ್ತೇನೆ ಅಂತ ಶನಿವಾರ ಸಂಜೆ ಊರಿಗೆ ಬಂದ. ಬೆಂಗಳೂರು ಎಪ್ಪತ್ತು ಕಿಲೋಮೀಟರ್ ಅಷ್ಟೇ, ಆದರೆ ನಾಲಿಗೆ ಬೇಗ ದೂರ ಹೋಗುತ್ತೆ. ಅಲ್ಲಿ ಗೆಳೆಯರ ಜೊತೆ ಲೆಬನಾನಿನ ಊಟ ತಿಂದು ರುಚಿ ಹತ್ತಿತ್ತು. ತುಮಕೂರಲ್ಲೂ ಅಂಥದ್ದೊಂದು ಶುರುವಾಗಿದೆ ಅಂತ ಅವನೇ ಹುಡುಕಿದ್ದ. ಹೊರಟವರು ಅವನು, ಅಕ್ಕ, ಭಾವ, ಭಾವನ ಅಣ್ಣ ಮತ್ತು ಅವರ ಹೆಂಡತಿ, 76 ವರ್ಷದ ನಮ್ಮಮ್ಮ, ನಾನು, ನನ್ನ ಹೆಂಡತಿ, ಪಿಯುಸಿ ಓದುವ ಮಗಳು. ಭಾವನ ಅಣ್ಣನನ್ನು ಹುಡುಗ ದೊಡ್ಡಪ್ಪ ಅನ್ನುತ್ತಾನೆ, ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಹೋಟೆಲ್ ಸಿಕ್ಕಿದ್ದೇ ಒಂದು ಸಾಹಸ. ಬಿ.ಎಚ್. ರಸ್ತೆಯಿಂದ ಒಳಗೆ ಎರಡು ತಿರುವು, ಆಮೇಲೆ ಕಾರು ಹೋಗದ ಗಲ್ಲಿ. ಮ್ಯಾಪ್ ನಮ್ಮನ್ನು ಒಂದು ಹಿಟ್ಟಿನ ಗಿರಣಿ ಮುಂದೆ ನಿಲ್ಲಿಸಿ ಸುಮ್ಮನಾಯಿತು. ಗಿರಣಿಯವರನ್ನೇ ಕೇಳಿದರೆ ಮೇಲೆ ಕೈ ತೋರಿಸಿದರು. ಬೋರ್ಡ್ ಇಲ್ಲ. ನೀಲಿ ಬಾಗಿಲು, ಪಕ್ಕದಲ್ಲಿ ಕುಂಡದಲ್ಲಿ ರೋಸ್‌ಮೇರಿ ಗಿಡ, ಕಿರಿದಾದ ಮೆಟ್ಟಿಲು. ಅಮ್ಮನನ್ನು ಹತ್ತಿಸುವಾಗ ಎಣಿಸಿದೆ, 17 ಮೆಟ್ಟಿಲು, ಒಂದು ಕಡೆ ಮಾತ್ರ ಕಂಬಿ. ಮೇಲೆ ಹಳೇ ಮನೆಯ ತಾರಸಿಗೆ ಹೆಂಚು ಹೊದಿಸಿ ಏಳು ಟೇಬಲ್ ಹಾಕಿದ್ದಾರೆ. ಸುಣ್ಣದ ಗೋಡೆ, ಹಳದಿ ದೀಪ. ಪೂರ್ತಿ ಸಸ್ಯಾಹಾರಿ. ಹಾಗಾಗಿ ಒಂದೇ ಬಾಣಲೆಯಲ್ಲಿ ಏನೇನು ಕರಿದಿದ್ದಾರೋ ಅನ್ನೋ ಅನುಮಾನಕ್ಕೆ ಜಾಗ ಇರಲಿಲ್ಲ. 

ಆರ್ಡರ್ ಪೂರ್ತಿ ಹುಡುಗನದೇ. ಎರಡು ದೊಡ್ಡ ಮೆಝೆ ಪ್ಲ್ಯಾಟರ್ ಹೇಳಿದ, ಅಂದರೆ ಮಧ್ಯದಲ್ಲಿಟ್ಟು ಹಂಚಿಕೊಂಡು ತಿನ್ನುವ ಬಗೆಬಗೆಯ ತಿನಿಸು. ಹಿರಿಯರು ಕೂತ ತುದಿಗೆ ಒಂದು, ನಮ್ಮ ತುದಿಗೆ ಒಂದು. ಒಂದೊಂದರಲ್ಲೂ ಮೂರು ಬಟ್ಟಲು. ಒಂದು ಹುಮ್ಮಸ್, ಅಂದರೆ ಬೇಯಿಸಿದ ಕಾಬೂಲಿ ಕಡಲೆಯನ್ನು ಎಳ್ಳಿನ ಪೇಸ್ಟ್, ನಿಂಬೆರಸ, ಬೆಳ್ಳುಳ್ಳಿ ಹಾಕಿ ನುಣ್ಣಗೆ ರುಬ್ಬಿದ್ದು. ಅರಬ್ಬಿ ಭಾಷೆಯಲ್ಲಿ ಹುಮ್ಮಸ್ ಅಂದರೇ ಕಡಲೆ. ಇನ್ನೊಂದು ಬಾಬಾ ಗನೂಷ್, ಸುಟ್ಟ ಬದನೆಕಾಯಿಯದು. ಮೂರನೆಯದು ಲಬ್ನೆ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು. ಜೊತೆಗೆ ಬುಟ್ಟಿಯಲ್ಲಿ ಪೀಟಾ ರೊಟ್ಟಿ, ಕಡಲೆ ವಡೆಯಂಥ ಫಲಾಫಲ್, ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ದೋಲ್ಮಾ, ಒಂದು ಸಲಾಡ್, ಕೊನೆಗೆ ಬಕ್ಲಾವ ಅನ್ನೋ ಸಿಹಿ.

ಪ್ಲ್ಯಾಟರ್ ಬಂದಾಗ ಎಂಟು ಗಂಟೆ ದಾಟಿತ್ತು. ಹಿರಿಯರು ಬಟ್ಟಲು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಹುಡುಗ ಉತ್ಸಾಹದಿಂದ ಎದ್ದು ಅವರ ಕಡೆ ಬಂದ. "ಹೀಗೆ ತಿನ್ಬೇಕು ಅಜ್ಜಿ" ಅಂತ ಪೀಟಾ ಹರಿದ, ಹುಮ್ಮಸ್‌ನಲ್ಲಿ ಅದ್ದಿದ, ಅರ್ಧ ಕಚ್ಚಿದ. ಉಳಿದ ಅರ್ಧವನ್ನು ಮತ್ತೆ ಅದೇ ಬಟ್ಟಲಿಗೆ ಅದ್ದಿ ಬಾಯಿಗೆ ಹಾಕಿಕೊಂಡ. "ಸೂಪರ್" ಅಂದ.

ಅಲ್ಲಿಗೆ ಊಟ ಮುಗಿದಿತ್ತು. ಆಗ ನಮಗ್ಯಾರಿಗೂ ಗೊತ್ತಾಗಲಿಲ್ಲ ಅಷ್ಟೇ.

ದೊಡ್ಡಪ್ಪ ಒಂದೆರಡು ಫಲಾಫಲ್ ತಿಂದು ಹೊಟ್ಟೆ ಸರಿಯಿಲ್ಲ ಅಂದರು. ದೊಡ್ಡಮ್ಮ ಪೀಟಾವನ್ನು ಒಣದಾಗಿಯೇ ಚೂರು ಚೂರು ಮುರಿದು ತಿಂದರು. ಅಮ್ಮ ನಿಂಬೆ ಶರಬತ್ತು ಕುಡಿದು "ಚೆನ್ನಾಗಿದೆ ಕಣಪ್ಪ, ಚೆನ್ನಾಗಿದೆ" ಅಂತಲೇ ಇದ್ದರು. ನಮ್ಮ ಮನೆಯಲ್ಲಿ ಎರಡು ಸಲ ಚೆನ್ನಾಗಿದೆ ಅಂದರೆ ತಿಂದಿಲ್ಲ ಅಂತ ಅರ್ಥ.

ಬಿಲ್ ಬಗ್ಗೆ ದೂರಿಲ್ಲ. 5,480 ಊಟಕ್ಕೆ, ಅದರ ಮೇಲೆ 5% ಜಿಎಸ್‌ಟಿ 274. ಸರ್ವಿಸ್ ಚಾರ್ಜ್ ಹಾಕಿರಲಿಲ್ಲ. ಬಿಲ್ಲಲ್ಲಿ ತಾವಾಗಿಯೇ ಸರ್ವಿಸ್ ಚಾರ್ಜ್ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆದರೂ ಹಾಕುವವರು ಹಾಕುತ್ತಾರೆ. ಈ ಮನುಷ್ಯ ಹಾಕಿರಲಿಲ್ಲ, ಅದಕ್ಕೆ ಅವನ ಮೇಲೆ ನನಗೆ ಅವತ್ತೇ ಸ್ವಲ್ಪ ಗೌರವ ಬಂತು.

ಮರುದಿನ ಎಲ್ಲರೂ ವೈದ್ಯರಾದರು. ಹುಡುಗನ ಪ್ರಕಾರ ಹಿರಿಯರಿಗೆ ಹೊಸ ರುಚಿ ಬೇಡ, ಮುದ್ದೆ ಸಾರು ಬಿಟ್ಟರೆ ಏನೂ ಆಗಲ್ಲ. ಅಕ್ಕನ ಪ್ರಕಾರ ಎಲ್ಲ ತಣ್ಣಗಿತ್ತು, ಊಟ ಅಂದಮೇಲೆ ಬಿಸಿ ಇರಬೇಡ್ವಾ ಅಂದಳು. ನನ್ನ ಹೆಂಡತಿ ದೀಪದ ಕಡೆ ಬೆರಳು ತೋರಿಸಿದಳು. ಅಮ್ಮನಿಗೆ ಒಂದು ಕಣ್ಣಿನ ಪೊರೆ ಆಪರೇಷನ್ ಆಗಿದೆ, ಇನ್ನೊಂದು ಬಾಕಿ. ಆ ಮಬ್ಬಲ್ಲಿ ಏನು ಕಾಣುತ್ತೆ? ಭಾವ ಮಾತ್ರ "ಕೊನೆಗೆ ಮಜ್ಜಿಗೆ ಅನ್ನ ಇಲ್ಲದೆ ಹೊಟ್ಟೆ ತುಂಬಿದ ಹಾಗೇ ಆಗಲಿಲ್ಲ" ಅಂದರು. ಮೂರು ಕಾರಣದಲ್ಲೂ ಹುರುಳಿದೆ. ಹುಡುಗನ ಕಾರಣವನ್ನು ಮಾತ್ರ ನಾನು ಒಪ್ಪಲಿಲ್ಲ.

ಯಾಕೆಂದರೆ ನಾನು ತಟ್ಟೆ ನೋಡಿದ್ದೆ. ನಮ್ಮ ಕಸುಬಲ್ಲಿ ಗಿರಾಕಿಯ ಮಾತಿಗಿಂತ ಕ್ಲೀನರ್ ಎತ್ತುವ ತಟ್ಟೆ ಜಾಸ್ತಿ ಸತ್ಯ ಹೇಳುತ್ತೆ. ಚಟ್ನಿ ಉಳಿದರೆ ಉಪ್ಪು ಜಾಸ್ತಿ, ಇಡ್ಲಿಯ ಅಂಚು ಉಳಿದರೆ ಹಿಟ್ಟು ಹುಳಿ ಬಂದಿಲ್ಲ. ಅವತ್ತು ನಮ್ಮ ಟೇಬಲ್ ಎತ್ತುವಾಗಲೂ ಅಭ್ಯಾಸಬಲದಿಂದ ನೋಡಿದೆ. ನಮ್ಮ ತುದಿಯ ಮೂರೂ ಬಟ್ಟಲು ಒರೆಸಿದ ಹಾಗೆ ಖಾಲಿ. ಹಿರಿಯರ ತುದಿಯಲ್ಲಿ ದೋಲ್ಮಾ ಒಂದೂ ಉಳಿದಿರಲಿಲ್ಲ. ಫಲಾಫಲ್ ಒಂದು ಉಳಿದಿತ್ತು. ಪೀಟಾ ಮುಗಿದಿತ್ತು. ಆದರೆ ಮೂರು ಬಟ್ಟಲೂ ತುಂಬಿದ್ದವು. ಹುಮ್ಮಸ್ ಮೇಲೆ ಎಣ್ಣೆ ಹಾಗೇ ನಿಂತಿತ್ತು, ಅದರ ಮಧ್ಯೆ ಎರಡು ಗೆರೆ. ಹುಡುಗ ಅದ್ದಿದ ಎರಡು ಗೆರೆ.

ಹೊಸ ರುಚಿ ಬೇಡ ಅನ್ನುವವರು ದ್ರಾಕ್ಷಿ ಎಲೆ ತಿಂದು ಮುಗಿಸುತ್ತಾರಾ? ತಣ್ಣಗಿದ್ದದ್ದು ಬೇಡ ಅನ್ನೋದಾದರೆ ದೋಲ್ಮಾನೂ ತಣ್ಣಗೇ ಇತ್ತು. ಬಿಡಿಬಿಡಿಯಾಗಿ ಎತ್ತಿಕೊಳ್ಳಬಹುದಾದದ್ದೆಲ್ಲ ಹೋಗಿದೆ, ಅದ್ದಿ ತಿನ್ನಬೇಕಾದದ್ದು ಮಾತ್ರ ಉಳಿದಿದೆ. ಅಷ್ಟು ಕಂಡರೂ ನನಗೆ ಹೊಳೆಯಲಿಲ್ಲ. ಎಣ್ಣೆಯ ವಾಸನೆ ಆಗಲಿಲ್ಲವೇನೋ ಅಂದುಕೊಂಡೆ.

ಮೂರು ದಿನದ ಮೇಲೆ ಅಮ್ಮ ಜಗುಲಿಯಲ್ಲಿ ದಂಟಿನ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆ ಕೇಳಿದರು.

"ಆ ಬದ್ನೇಕಾಯಿದು ಏನೋ ಅದು, ಹೊಗೆ ವಾಸನೆ ಬರ್ತಿತ್ತಲ್ಲ?"

"ಬಾಬಾ ಗನೂಷ್ ಅಂತೆ ಅಮ್ಮ."

"ಏನಾದ್ರೂ ಆಗ್ಲಿ. ಕೆಂಡದಲ್ಲೇ ಸುಟ್ಟಿದ್ರು ಅನ್ಸುತ್ತೆ. ಒಂಚೂರು ನಾಲಿಗೆ ಮೇಲೆ ಇಟ್ಕೊಳ್ಳೋಣ ಅನ್ನಿಸ್ತು."

"ಮತ್ತೆ ತಿನ್ಬೇಕಿತ್ತು?"

"ಕಚ್ಚಿದ್ದನ್ನೇ ಮತ್ತೆ ಅದ್ದಿದ್ನಲ್ಲೋ. ಎಲ್ರೆದುರಿಗೆ ಹೇಳಕ್ಕಾಗುತ್ತಾ? ಮೊದಲ್ನೇ ಸಂಬಳದ್ದು."

ಎಂಜಲು. ಅಷ್ಟೇ. ಹೋಟೆಲ್ ನಡೆಸುವ ನನಗೆ ಇದು ಮೊದಲ ಕ್ಷಣದಲ್ಲೇ ಹೊಳೆಯಬೇಕಿತ್ತು. ದೊಡ್ಡಮ್ಮನನ್ನು ಕೇಳಿದೆ, ನಕ್ಕು ಹೌದು ಅಂದರು. ದೊಡ್ಡಪ್ಪ ಇವತ್ತಿಗೂ ಗ್ಯಾಸ್ ಅಂತಲೇ ಹೇಳುತ್ತಾರೆ. ಭಾವನಿಗೆ ಎಂಜಲಿನ ತಕರಾರೇ ಇರಲಿಲ್ಲ, ಅಣ್ಣ ಮುಟ್ಟದ್ದನ್ನು ತಾನು ಹೇಗೆ ತಿನ್ನೋದು ಅಂತ ಸುಮ್ಮನಿದ್ದರು. ಅಕ್ಕ ದೊಡ್ಡಮ್ಮನನ್ನು ನೋಡಿ ಕೈ ಹಿಂದೆ ತೆಗೆದುಕೊಂಡಳು. ಒಬ್ಬರಿಂದ ಒಬ್ಬರಿಗೆ ಹೀಗೇ ಹರಡಿದ್ದು.

ಇದನ್ನು ಎಲ್ಲರಿಗೂ ಅನ್ವಯಿಸುವ ಮಾತು ಅಂತ ಹೇಳುತ್ತಿಲ್ಲ. ನನ್ನ ಮುಸ್ಲಿಂ ಗೆಳೆಯನ ಮನೆಯಲ್ಲಿ ಹಬ್ಬಕ್ಕೆ ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ಉಂಡಿದ್ದೇನೆ, ಅದರ ಖುಷಿಯೇ ಬೇರೆ. ನನ್ನ ಮಗಳು ಗೆಳತಿಯರ ಜೊತೆ ಒಂದೇ ಐಸ್‌ಕ್ರೀಮ್ ನಾಲ್ಕು ಚಮಚದಲ್ಲಿ ತಿನ್ನುತ್ತಾಳೆ. ಆದರೆ ನಮ್ಮಮ್ಮನ ತಲೆಮಾರಿನ ಮನೆಗಳಲ್ಲಿ ಬಡಿಸುವ ಸೌಟು ಎಲೆಗೆ ತಾಗಿದರೂ ಪಾತ್ರೆ ಪೂರ್ತಿ ಎಂಜಲು.

ಮುಂದಿನ ಸೋಮವಾರ ಮಧ್ಯಾಹ್ನ ಮೂರೂವರೆಗೆ ಆ ಹೋಟೆಲಿಗೆ ಹೋದೆ. ಅದು ನಮ್ಮ ಕಸುಬಿನವರು ಸ್ವಲ್ಪ ಉಸಿರಾಡುವ ಹೊತ್ತು. ಮಾಲೀಕ ಗುಬ್ಬಿ ಕಡೆಯ ಹುಡುಗ, ಮೂವತ್ತೈದರ ಆಸುಪಾಸು. ದುಬೈನಲ್ಲಿ ಲೆಬನಾನಿನ ಭಟ್ಟರೊಬ್ಬರ ಕೈಕೆಳಗೆ ಒಂಬತ್ತು ವರ್ಷ ದುಡಿದು ಬಂದವನು. ನಾನೂ ಹೋಟೆಲಿನವನು ಅಂದ ತಕ್ಷಣ ಒಳಗೆ ಕರೆದುಕೊಂಡು ಹೋದ.

ಅಡಿಗೆಮನೆ ನೋಡಿ ನನಗೆ ನಗು ಬಂತು. ಎಲ್ಲ ನಮ್ಮದೇ ಸಾಮಾನು. ರಾತ್ರಿ ನೆನೆಹಾಕಿದ ಕಡಲೆ, ಬೇಗ ಬೇಯಲಿ ಅಂತ ಚಿಟಿಕೆ ಸೋಡ. ಎರಡು ಬೆರಳ ಮಧ್ಯೆ ಹಿಚುಕಿದರೆ ಬೆಣ್ಣೆ ಆಗಬೇಕು, ಅಲ್ಲಿವರೆಗೆ ಬೇಯಿಸಬೇಕು. ರುಬ್ಬುವಾಗ ಐಸ್ ನೀರು ಹಾಕುತ್ತಾನೆ, ಬಿಳಿ ಬಣ್ಣ ಬಂದು ಹಗುರ ಆಗುತ್ತೆ. ಫಲಾಫಲ್‌ಗೆ ಮಾತ್ರ ಕಡಲೆ ಬೇಯಿಸುವಂತಿಲ್ಲ, ನೆನೆಸಿ ತರಿತರಿಯಾಗಿ ರುಬ್ಬಬೇಕು, ಬೇಯಿಸಿದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತೆ. ನಮ್ಮ ಅಂಬೊಡೆ ಲೆಕ್ಕವೇ ಅಲ್ವಾ? ಈಜಿಪ್ಟಿನಲ್ಲಿ ಇದನ್ನೇ ಕಡಲೆ ಬದಲು ಫಾವಾ ಅನ್ನೋ ಅವರೆಯಂಥ ದಪ್ಪ ಕಾಳಲ್ಲಿ ಮಾಡುತ್ತಾರಂತೆ. ಎಳ್ಳನ್ನು ಸಿಪ್ಪೆ ತೆಗೆದು ಹದವಾಗಿ ಹುರಿದು ಅರೆದರೆ ತಾಹಿನಿ. ಸಂಕ್ರಾಂತಿಗೆ ಎಳ್ಳು ಬೆಲ್ಲ ಹಂಚುವವರಿಗೆ, ಹುಚ್ಚೆಳ್ಳು ಚಟ್ನಿ ಅರೆಯುವವರಿಗೆ ಆ ವಾಸನೆ ಹೊಸದಲ್ಲ. ಬದನೆ ಅಂತರಸನಹಳ್ಳಿ ಮಾರುಕಟ್ಟೆಯದು. ದ್ರಾಕ್ಷಿ ಎಲೆ ಮಾತ್ರ ಹೊರದೇಶದಿಂದ ಉಪ್ಪುನೀರಿನ ಬಾಟಲಿಯಲ್ಲಿ ಬರುತ್ತೆ. "ಪಕ್ಕದ ಚಿಕ್ಕಬಳ್ಳಾಪುರದ ತುಂಬ ದ್ರಾಕ್ಷಿ ತೋಟ ಇದೆಯಲ್ಲೋ?" ಅಂದೆ. "ಸರ್, ಅವು ಹಣ್ಣಿಗೆ ಬೆಳೆಸಿದ ಬಳ್ಳಿ. ಮೈಲುತುತ್ತ, ಸುಣ್ಣ, ಇನ್ನೂ ಏನೇನೋ ಹೊಡೆದಿರ್ತಾರೆ. ಆ ಎಲೆ ತಿನ್ಸೋಕಾಗುತ್ತಾ?" ಅಂದ. ಈ ಉತ್ತರ ಕೇಳಿ ಅವನ ಮೇಲಿನ ಗೌರವ ಇನ್ನಷ್ಟು ಏರಿತು.

ನಮ್ಮ ಪ್ರಕರಣ ಹೇಳಿದೆ. ಮೊದಲು ಅವನಿಗೆ ಹಿಡಿಸಲಿಲ್ಲ.

"ಸರ್, ಮೆಝೆ ಅಂದ್ರೇನೇ ಮಧ್ಯದಲ್ಲಿಟ್ಟು ಎಲ್ಲರೂ ಕೈ ಹಾಕೋದು. ಅದನ್ನ ತೆಗೆದ್ರೆ ಉಳಿಯೋದೇನು?"

ಅವನ ಮಾತು ಸುಳ್ಳಲ್ಲ. 2010ರಲ್ಲಿ ಯುನೆಸ್ಕೊ ಸ್ಪೇನ್, ಇಟಲಿ, ಗ್ರೀಸ್, ಮೊರಾಕ್ಕೊ ದೇಶಗಳ ಹೆಸರಲ್ಲಿ ಮೆಡಿಟರೇನಿಯನ್ ಆಹಾರ ಪದ್ಧತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. 2013ರಲ್ಲಿ ಸೈಪ್ರಸ್, ಕ್ರೊಯೇಷಿಯಾ, ಪೋರ್ಚುಗಲ್ ಕೂಡ ಸೇರಿದವು. ಎಣ್ಣೆ, ಕಾಳು, ತರಕಾರಿಯ ಜೊತೆಗೆ ಒಟ್ಟಿಗೆ ಕೂತು ಉಣ್ಣುವುದನ್ನೂ ಅಲ್ಲಿ ಮುಖ್ಯ ಅಂತ ಎಣಿಸಿದ್ದಾರೆ. ಆ ಕಡೆಯವರಿಗೆ ಒಂದು ಬಟ್ಟಲು ಅಂದರೆ ನಂಟು.

"ನಮ್ಮಲ್ಲೂ ಹಂಚ್ಕೊಂಡೇ ತಿನ್ನೋದಪ್ಪ" ಅಂದೆ. "ಆದ್ರೆ ಬಡಿಸಿ ಹಂಚ್ತೀವಿ. ಒಂದೇ ಪಾತ್ರೆ, ನೂರು ಎಲೆ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಲೆಕ್ಕಕ್ಕೆ ಕೂತೆವು. ತಲೆಗೊಂದು ಬಟ್ಟಲು ಕೊಟ್ಟರೆ? ಎಂಟು ಜನಕ್ಕೆ ಮೂರರಂತೆ 24 ಬಟ್ಟಲು. ತೊಳೆಯೋಕೆ ಇರೋದು ಒಬ್ಬಳೇ ಹೆಂಗಸು. ಮೇಲಾಗಿ ಹುಮ್ಮಸ್ ಬಟ್ಟಲಿಗೆ ಅಂಟಿಕೊಳ್ಳುವ ವಸ್ತು, ಸಣ್ಣ ಬಟ್ಟಲಾದಷ್ಟೂ ಅಂಟಿ ದಂಡವಾಗೋದು ಜಾಸ್ತಿ. ಬೇಡ. ಹಾಗಾದರೆ ಬಡಿಸಿಬಿಡು ಅಂದೆ. ಸಪ್ಲೈಯರ್ ಪಾತ್ರೆ ಹಿಡಿದು ಬರಲಿ, ಪಲ್ಯ ಬಡಿಸಿದ ಹಾಗೆ ತಟ್ಟೆಗೆ ಬಡಿಸಲಿ. ಇಲ್ಲಿ ಅವನ ಭಟ್ಟತನ ಅಡ್ಡ ಬಂತು. ಹುಮ್ಮಸ್ಸನ್ನು ಉಂಡೆ ಹಾಗೆ ಹಾಕಬಾರದು, ಚಮಚದ ಬೆನ್ನಿಂದ ಎಳೆದು ಗುಳಿ ಮಾಡಿ ಆ ಗುಳಿಗೆ ಎಣ್ಣೆ ಬಿಡಬೇಕು. ಕೊನೆಗೆ ಒಂದು ಮಧ್ಯದ ದಾರಿ ಸಿಕ್ಕಿತು. ಒಬ್ಬೊಬ್ಬರ ತಟ್ಟೆಯ ಮೇಲೇ ಮೂರು ಕಡೆ ಮೂರು ಎಳೆತ, ಮೇಲೆ ಎಣ್ಣೆ. ಹತ್ತು ನಿಮಿಷದ ಕೆಲಸ, ಒಂದು ಬಟ್ಟಲೂ ಹೆಚ್ಚಿಲ್ಲ.

ಮೂರು ವಾರದ ಮೇಲೆ, ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ, ಅದೇ ಜನ ಮತ್ತೆ ಹೋದೆವು. ಭಾವನಿಗೆ ಡ್ಯೂಟಿ ಇತ್ತು, ಹಾಗಾಗಿ ಎಂಟು. ಹುಡುಗನನ್ನು ಒಪ್ಪಿಸಲು ಅಕ್ಕ ಎರಡು ದಿನ ಫೋನ್ ಮಾಡಿದಳು. ಅವನಿಗೆ ವಿಷಯ ಹೇಳಿದ್ದೆ. "ಅಷ್ಟಕ್ಕಾ ಮಾಮ? ಹೇಳಿದ್ರೆ ಚಮಚ ತಗೋತಿದ್ನಲ್ಲ" ಅಂದ, ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ.

ಹಗಲು ಬೆಳಕು. ತಟ್ಟೆ ಮೇಲೆ ಮೂರು ಎಳೆತ. ಪೀಟಾ ಒಲೆಯಿಂದ ಬಂದದ್ದೇ ತಟ್ಟೆಗೆ. ಅದು ಚೆಂಡಿನ ಹಾಗೆ ಉಬ್ಬಿಕೊಂಡು ಬಂತು, ಅಮ್ಮ ಬೆರಳಿಂದ ಚುಚ್ಚಿದರು, ಬುಸ್ ಅಂತ ಆವಿ ಬಂತು. "ಪೂರಿ ಹಾಗೆ ಉಬ್ಬಿದೆ, ಎಣ್ಣೆನೇ ಇಲ್ಲ" ಅಂತ ದೊಡ್ಡಮ್ಮನಿಗೆ ತೋರಿಸಿದರು. ಕಾದ ಒಲೆಯಲ್ಲಿ ಹಿಟ್ಟಿನ ನೀರು ಒಮ್ಮೆಲೇ ಆವಿಯಾಗಿ ಎರಡು ಪದರ ಬೇರೆಯಾಗುತ್ತೆ, ಅಷ್ಟೇ. ಆದರೆ ಆ ವಯಸ್ಸಲ್ಲಿ ಹೊಸದಾಗಿ ಏನಾದರೂ ಉಬ್ಬೋದನ್ನು ನೋಡೋ ಖುಷಿಯೇ ಖುಷಿ. ಬಾಬಾ ಗನೂಷ್ ಮೂರು ಸಲ ಹಾಕಿಸಿಕೊಂಡರು. ಕೊನೆಗೆ ಅನ್ನ ಬೇಳೆಯ ಮೇಲೆ ಈರುಳ್ಳಿ ಕರಿದು ಹಾಕಿದ ಮುಜದ್ದರ, ಜೊತೆಗೆ ಸೌತೆಕಾಯಿ ಮೊಸರುಬಜ್ಜಿಯಂಥ ಜಾಜಿಕಿ. "ಇದು ನಮ್ಮ ಖಿಚಡಿ ತಾನೇ" ಅಂತ ದೊಡ್ಡಪ್ಪ ಎರಡನೇ ಸಲ ಹಾಕಿಸಿಕೊಂಡರು. ಗ್ಯಾಸ್ ಬಗ್ಗೆ ಮಾತಿಲ್ಲ.

ಬಿಲ್ 3,840, ತೆರಿಗೆ 192, ಒಟ್ಟು 4,032. ಮನೆಗೆ ಬಂದು ಯಾರೂ ಕುಕ್ಕರ್ ಇಡಲಿಲ್ಲ.

ಆಗದೇ ಹೋದದ್ದೂ ಇದೆ. ಆಲಿವ್ ಕಾಯಿಯನ್ನು ಅಮ್ಮ ಬಾಯಿಗಿಟ್ಟು ಕರವಸ್ತ್ರಕ್ಕೆ ಉಗಿದರು. ಉಪ್ಪಲ್ಲಿ ನೆನೆದ ಕಹಿ ಯಾಕೆ ತಿನ್ನಬೇಕು ಅನ್ನೋದು ಅವರ ಪ್ರಶ್ನೆ, ನನ್ನ ಹತ್ತಿರವೂ ಉತ್ತರ ಇಲ್ಲ. 17 ಮೆಟ್ಟಿಲು ಇಳಿಸುವಾಗ ಮತ್ತೆ ಎದೆ ಡವಗುಟ್ಟಿತು. ಇನ್ನೊಂದು ಕಡೆಗೂ ಕಂಬಿ ಹಾಕಿಸು ಅಂತ ಮಾಲೀಕನಿಗೆ ಎರಡು ಸಲ ಹೇಳಿದ್ದೇನೆ, ಇನ್ನೂ ಹಾಕಿಸಿಲ್ಲ. ತಲೆಗೆ ಐನೂರು ಕೊಟ್ಟು ಬದನೆಕಾಯಿ ಗೊಜ್ಜು ತಿನ್ನೋದಾ ಅಂತ ದೊಡ್ಡಪ್ಪ ಈಗಲೂ ಕೇಳುತ್ತಾರೆ.

ಇನ್ನೊಂದು ಮಾತು. ಆ ಭಾನುವಾರ ನಾವು ಒಂದೇ ಸಲ ನಾಲ್ಕು ಬದಲಾಯಿಸಿದ್ದೆವು: ಬೆಳಕು, ಬಿಸಿ, ಅನ್ನ, ಬಡಿಸುವ ರೀತಿ. ಗೆದ್ದದ್ದು ಯಾವುದು ಅಂತ ಹೇಗೆ ಹೇಳೋದು? ಇದನ್ನು ಮಾಲೀಕನಿಗೇ ಬಿಟ್ಟೆ. ಅವನು ಉಳಿದದ್ದೆಲ್ಲ ಹಾಗೇ ಇಟ್ಟು ರಾತ್ರಿ ಹೊತ್ತು, ವಯಸ್ಸಾದವರಿರುವ ಟೇಬಲ್‌ಗೆ ಮಾತ್ರ ತಟ್ಟೆಗೇ ಬಡಿಸಿ ನೋಡಿದ. ಅದೇ ಮಬ್ಬು ದೀಪ, ಅದೇ ತಣ್ಣನೆ ಮೆಝೆ. ವಾಪಸ್ ಬರುವ ಹುಮ್ಮಸ್ ಕಡಿಮೆಯಾಗಿದೆ ಅಂತ ತೊಳೆಯುವ ಹೆಂಗಸೇ ಹೇಳಿದಳಂತೆ. ಕ್ಲೀನರ್ ಮಾತು, ನಾನು ನಂಬುತ್ತೇನೆ. ಕಾಲೇಜು ಹುಡುಗರಿಗೆ ಮಾತ್ರ ಹಾಗೆ ಬಡಿಸಿದರೆ ಮುಖ ಸಣ್ಣದಾಗುತ್ತಂತೆ. ಅವರಿಗೆ ಮಧ್ಯದ ಬಟ್ಟಲೇ ಬೇಕು, ಫೋಟೋಗೆ. ಈಗ ಆರ್ಡರ್ ತಗೊಳ್ಳುವಾಗಲೇ ಸಪ್ಲೈಯರ್ ಕೇಳುತ್ತಾನೆ, "ಮಧ್ಯದಲ್ಲಿ ಇಡ್ಲಾ, ಬಡಿಸ್ಲಾ?"

ಕಳೆದ ವಾರ ಹುಡುಗ ಊರಿಗೆ ಬಂದಿದ್ದ. ಅಮ್ಮ ಗ್ಯಾಸ್ ಒಲೆಯ ಮೇಲೆ ಎರಡು ಬದನೆಕಾಯಿ ಸುಟ್ಟು, ಎಳ್ಳು ಹುರಿದು ಅರೆದು, ನಿಂಬೆಹಣ್ಣು ಹಿಂಡಿ, ಬೆಳ್ಳುಳ್ಳಿ ಜಜ್ಜಿ ಎಲ್ಲ ಕಲಸಿದರು. ಹುಡುಗ ರುಚಿ ನೋಡಿ ಕಣ್ಣರಳಿಸಿದ, "ಅಜ್ಜಿ, ಸೇಮ್ ಟು ಸೇಮ್!" ಅಂದ. ಅವನು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಅಮ್ಮ ಅದಕ್ಕೆ ಸಾಸಿವೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟುಬಿಟ್ಟಿದ್ದರು.